ಹೆಸರು ಮತ್ತು ನೆಲೆ: ಹಾರಾಟದ ಮಾರ್ಗವನ್ನು ಸಿದ್ಧಪಡಿಸಿ ಕಳುಹಿಸುವ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ವಿಮಾನವೊಂದು ರನ್‌ವೇಯತ್ತ ಹೊರಡುವ ಮೊದಲೇ ಅದು ಹಾರಬೇಕಾದ ದಾರಿ ಅದರ ಕಂಪ್ಯೂಟರಿನೊಳಗೆ ಬಿಂದುಗಳ ಸಾಲಾಗಿ ಕುಳಿತಿರುತ್ತದೆ. ಆ ಸಾಲನ್ನು ಬಹುಪಾಲು ನೆಲದ ಮೇಲೆ, ಮಾರ್ಗ ಯೋಜನೆಯ ತಂತ್ರಾಂಶವೊಂದರಲ್ಲಿ, ಹವೆ, ಇಂಧನ, ಬೆಟ್ಟ ಗುಡ್ಡ ಎಲ್ಲವನ್ನೂ ನೋಡಿ ಸಿದ್ಧಪಡಿಸಿರುತ್ತಾರೆ. ಅಲ್ಲಿಂದ ಅದು ಕಡತವಾಗಿಯೋ, ಸಂದೇಶವಾಗಿಯೋ, ಕೆಲವೊಮ್ಮೆ ಮುದ್ರಿತ ಹಾಳೆಯಾಗಿಯೋ ವಿಮಾನಕ್ಕೆ ಬರುತ್ತದೆ. ಹೀಗೆ ಒಂದು ಕಡೆ ಸಿದ್ಧವಾದದ್ದನ್ನು ಇನ್ನೊಂದು ಕಡೆಗೆ ದಾಟಿಸುವುದನ್ನು ಬಳಕೆದಾರರು ಎಕ್ಸ್‌ಪೋರ್ಟ್ ಎನ್ನುತ್ತಾರೆ. ಮಾರ್ಗವನ್ನು ರಚಿಸುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಅದನ್ನು ದಾಟಿಸುವಾಗ ಎಚ್ಚರ ಸಡಿಲವಾಗುತ್ತದೆ. ಇಂದಿನ ಮಾತು ಮುಖ್ಯವಾಗಿ ಈ ಎರಡನೆಯ ಕೆಲಸದ ಬಗ್ಗೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಲಿಟಲ್ ನ್ಯಾವ್‌ಮ್ಯಾಪ್ ಎಂಬ ತಂತ್ರಾಂಶವನ್ನು. ಅಲೆಕ್ಸಾಂಡರ್ ಬಾರ್ಥೆಲ್ ಅವರು ರೂಪಿಸಿರುವ ಇದು ಉಚಿತವಾದದ್ದು, ಮುಕ್ತ ಆಕರದ್ದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್‌ಗಳಂಥ ಸಿಮ್ಯುಲೇಟರುಗಳಲ್ಲಿ ಅಭ್ಯಾಸ ಮಾಡುವವರಿಗಾಗಿ ಇರುವ ತಂತ್ರಾಂಶವೇ ಹೊರತು ನಿಜವಾದ ಹಾರಾಟಕ್ಕಲ್ಲ. ಆದರೆ ವಿಮಾನಯಾನ ಸಂಸ್ಥೆಗಳ ಡಿಸ್ಪ್ಯಾಚ್ ಕೊಠಡಿಯಲ್ಲಿ, ಅಂದರೆ ಹಾರಾಟಗಳನ್ನು ನೆಲದಿಂದ ಯೋಜಿಸುವ ಕಡೆ, ಮಾರ್ಗ ರಚನೆಯಾಗುವ ಕ್ರಮ ಏನೆಂದು ಅರಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾಗಿ ದೊರೆಯುವ ಸಾಧನ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಬೆಂಗಳೂರಿನಿಂದ ಮಂಗಳೂರಿಗೆ ಒಂದು ಮಾರ್ಗವನ್ನು ಸಿದ್ಧಪಡಿಸೋಣ. ಮೊದಲ ಪ್ರಶ್ನೆಯೇ ಯಾವ ಬೆಂಗಳೂರು ಎಂಬುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕ್ರಮದಂತೆ ಪ್ರತಿ ನಿಲ್ದಾಣಕ್ಕೂ ನಾಲ್ಕು ಅಕ್ಷರಗಳ ಸಂಕೇತವಿದೆ, ದಕ್ಷಿಣ ಭಾರತದ ಸಂಕೇತಗಳು ವಿ, ಓ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ವಿ-ಓ-ಬಿ-ಎಲ್. 2008ರವರೆಗೆ ನಗರದ ಮುಖ್ಯ ನಿಲ್ದಾಣವಾಗಿದ್ದ ಎಚ್‌ಎಎಲ್ ವಿ-ಓ-ಬಿ-ಜಿ. ಯಲಹಂಕದ ವಾಯುನೆಲೆ ವಿ-ಓ-ವೈ-ಕೆ, ಜಕ್ಕೂರಿನ ತರಬೇತಿ ನಿಲ್ದಾಣ ವಿ-ಓ-ಜೆ-ಕೆ. ಒಂದೇ ಊರಿನ ಸುತ್ತ ಹೀಗೆ ನಾಲ್ಕು ನಿಲ್ದಾಣಗಳು ಇರುವಾಗ ಊರಿನ ಹೆಸರನ್ನು ಟೈಪ್ ಮಾಡಿ ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಒತ್ತುವುದು ಸರಿಯಲ್ಲ. ಸಂಕೇತವನ್ನೇ ಬರೆದು, ನಕ್ಷೆಯಲ್ಲಿ ಅದು ಎಲ್ಲಿ ನಿಂತಿದೆ ಎಂದು ನೋಡಬೇಕು. ಮಂಗಳೂರು ವಿ-ಓ-ಎಂ-ಎಲ್.

ಇವೆರಡರ ನಡುವೆ ನೇರ ದೂರ ಸುಮಾರು 165 ನಾಟಿಕಲ್ ಮೈಲಿ, ಅಂದರೆ 300 ಕಿಲೋಮೀಟರಿಗೆ ತುಸು ಹೆಚ್ಚು. ಇಷ್ಟು ಚಿಕ್ಕ ದೂರದಲ್ಲಿ ನಕ್ಷೆಯ ನೇರ ಗೆರೆಗೂ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಗೂ ಗಮನಿಸುವಂಥ ವ್ಯತ್ಯಾಸವಿಲ್ಲ. ದೂರ ಹೆಚ್ಚಿದಂತೆ ಅದು ಬೃಹತ್ತಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಪೂರ್ತಿ ಮಹಿಳಾ ಪೈಲಟ್‌ಗಳ ಕೈಯಲ್ಲಿ, ಉತ್ತರ ಧ್ರುವದ ಮೇಲಿನಿಂದ ಹಾದುಬಂದದ್ದು ಈ ಕಾರಣದಿಂದಲೇ.

ನೇರ ಗೆರೆಯನ್ನು ಎಳೆದ ಮಾತ್ರಕ್ಕೆ ಮಾರ್ಗವಾಗುವುದಿಲ್ಲ. ನಿಲ್ದಾಣದಿಂದ ಹೊರಡುವ ನಿಗದಿತ ಕ್ರಮ, ಆಮೇಲೆ ಹೆಸರಿರುವ ವಾಯುಮಾರ್ಗ, ಕೊನೆಗೆ ಇಳಿಯುವ ನಿಲ್ದಾಣವನ್ನು ಸೇರುವ ಕ್ರಮ, ಇವು ಒಂದಕ್ಕೊಂದು ಕೊಂಡಿಯಾಗಬೇಕು. ಎತ್ತರವನ್ನೂ ಗೊತ್ತುಮಾಡಬೇಕು. ಸಾವಿರ ಅಡಿಗಳ ಲೆಕ್ಕದಲ್ಲಿ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಸಮಸಂಖ್ಯೆಯ ಎತ್ತರ, ಪೂರ್ವಕ್ಕೆ ಹೋಗುವುದಕ್ಕೆ ಬೆಸಸಂಖ್ಯೆಯ ಎತ್ತರ ಎಂಬುದು ಸಾಮಾನ್ಯ ನಿಯಮ; ಆದ್ದರಿಂದ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನಕ್ಕೆ 16,000 ಅಡಿ ಸರಿಹೊಂದುತ್ತದೆ, 17,000 ಹೊಂದುವುದಿಲ್ಲ. ತಂತ್ರಾಂಶದ ಕೆಳಭಾಗದಲ್ಲಿ ಮಾರ್ಗದುದ್ದಕ್ಕೂ ನೆಲದ ಏರಿಳಿತವನ್ನು ತೋರಿಸುವ ಒಂದು ಪಟ್ಟಿ ಇದೆ. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ದೇವನಹಳ್ಳಿಯಿಂದ ಹೊರಟ ಗೆರೆ ಪ್ರಸ್ಥಭೂಮಿಯ ಮೇಲೆ ಸಾಗಿ, ಘಟ್ಟವನ್ನು ದಾಟಿದೊಡನೆ ಕರಾವಳಿಗೆ ಧುಮುಕಿ, 100 ಮೀಟರಿನ ಆಸುಪಾಸಿನಲ್ಲಿರುವ ಬಜಪೆಯ ಗುಡ್ಡದ ಮೇಲೆ ನಿಲ್ಲುವುದನ್ನು ಅಲ್ಲಿ ಕಾಣಬಹುದು. ದಾರಿಯ ಬಲಕ್ಕೆ, ಹೆಚ್ಚು ದೂರವೇನಲ್ಲದ ಕಡೆ, 1,894 ಮೀಟರಿನ ಕುದುರೆಮುಖವಿದೆ. ಇಳಿಯಲು ಆರಂಭಿಸುವ ಜಾಗವನ್ನು ಈ ಪಟ್ಟಿಯನ್ನು ನೋಡದೆ ಗೊತ್ತುಮಾಡಬಾರದು.

ಮಾರ್ಗದ ಬಿಂದುಗಳೆಲ್ಲ ಒಂದು ಡೇಟಾಬೇಸಿನಿಂದ ಬರುತ್ತವೆ. ಜಗತ್ತಿನಾದ್ಯಂತ ಈ ಮಾಹಿತಿ 28 ದಿನಗಳಿಗೊಮ್ಮೆ, ಗುರುವಾರದಂದು, ಹೊಸದಾಗಿ ಜಾರಿಗೆ ಬರುತ್ತದೆ. ಇದನ್ನು ಏರಾಕ್ ಚಕ್ರ ಎನ್ನುತ್ತಾರೆ. ನಮ್ಮ ದೇಶದ ಮಾಹಿತಿಯನ್ನು ಪ್ರಕಟಿಸುವುದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಯೋಜನೆ ಮಾಡುವ ತಂತ್ರಾಂಶದಲ್ಲಿ ಈ ತಿಂಗಳ ಚಕ್ರವೂ ಅದನ್ನು ಸ್ವೀಕರಿಸುವ ವಿಮಾನದಲ್ಲಿ ಅಥವಾ ಸಿಮ್ಯುಲೇಟರಿನಲ್ಲಿ ಹಳೆಯ ಚಕ್ರವೂ ಇದ್ದರೆ, ಒಂದು ಕಡೆ ಇರುವ ಬಿಂದು ಇನ್ನೊಂದು ಕಡೆ ಇಲ್ಲದೇ ಹೋಗಬಹುದು.

ಇನ್ನು ಎಕ್ಸ್‌ಪೋರ್ಟ್. ಪ್ರತಿ ಮಾರ್ಗಬಿಂದುವಿಗೂ ಎರಡು ಗುರುತುಗಳಿವೆ: ಒಂದು ಅದರ ಹೆಸರು, ಇನ್ನೊಂದು ಅಕ್ಷಾಂಶ ರೇಖಾಂಶಗಳ ನೆಲೆ. ಯಾವ ಕಡತ ಯಾವ ಗುರುತನ್ನು ಹೊತ್ತೊಯ್ಯುತ್ತದೆ ಎಂಬುದನ್ನು ಅರಿತವನಿಗೆ ಎಕ್ಸ್‌ಪೋರ್ಟಿನ ಮುಕ್ಕಾಲು ಪಾಲು ತಿಳಿದಂತೆ. ವಾಯುಸಂಚಾರ ನಿಯಂತ್ರಣಕ್ಕೆ ಸಲ್ಲಿಸುವ ಯೋಜನೆಯ ಮಾರ್ಗಭಾಗದಲ್ಲಿ ಬಹುಮಟ್ಟಿಗೆ ಹೆಸರುಗಳೇ ಇರುತ್ತವೆ: ಗಂಟೆಗೆ 270 ನಾಟಿಕಲ್ ಮೈಲಿ ವೇಗ, 160ರ ಹಾರಾಟ ಮಟ್ಟ (ಅಂದರೆ 16,000 ಅಡಿ) ಎಂಬುದನ್ನು ಎನ್ 0270 ಎಫ್ 160 ಎಂದು ಬರೆದು, ಮುಂದೆ ಬಿಂದುಗಳ ಮತ್ತು ವಾಯುಮಾರ್ಗಗಳ ಹೆಸರುಗಳನ್ನು ಸಾಲಾಗಿ ಕೊಡುತ್ತಾರೆ. ಜಿಪಿಎಸ್ ಉಪಕರಣಗಳಿಗಾಗಿ ಹುಟ್ಟಿದ ಜಿಪಿಎಕ್ಸ್ ಕಡತ ಇದಕ್ಕೆ ತದ್ವಿರುದ್ಧ. ಅದರ ಜೀವಾಳ ನೆಲೆಗಳು. ವಾಯುಮಾರ್ಗದ ಹೆಸರಾಗಲಿ, ಇಳಿಯುವ ಕ್ರಮದ ಹೆಸರಾಗಲಿ ಅದರಲ್ಲಿ ಉಳಿಯುವುದಿಲ್ಲ. ಎಕ್ಸ್-ಪ್ಲೇನ್ ಓದುವ ಎಫ್‌ಎಂಎಸ್ ಕಡತದಲ್ಲಿ ಎರಡೂ ಇವೆ. ಅದನ್ನು ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೇಲ್ಗಡೆ ಏರಾಕ್ ಚಕ್ರದ ಸಂಖ್ಯೆ, ಹೊರಡುವ ಮತ್ತು ತಲುಪುವ ನಿಲ್ದಾಣ, ಅವುಗಳ ಕೆಳಗೆ ಬಿಂದುವಿಗೊಂದು ಸಾಲು ಕಾಣಿಸುತ್ತವೆ. ಸಾಲಿನ ಮೊದಲ ಅಂಕಿ ಬಿಂದುವಿನ ಬಗೆಯನ್ನು ಹೇಳುತ್ತದೆ: 1 ಎಂದರೆ ನಿಲ್ದಾಣ, 2 ಮತ್ತು 3 ವಿಮಾನಗಳಿಗೆ ದಾರಿ ತೋರಿಸುವ ರೇಡಿಯೋ ಕೇಂದ್ರಗಳು, 11 ಎಂದರೆ ಹೆಸರಿರುವ ಬಿಂದು, 28 ಎಂದರೆ ಬರಿಯ ಅಕ್ಷಾಂಶ ರೇಖಾಂಶ. ಅದರ ಮುಂದೆ ಹೆಸರು, ಎತ್ತರ, ನೆಲೆ. ಆದರೆ ಇದೇ ಕಡತದಲ್ಲಿ ನಿರ್ಗಮನ ಮತ್ತು ಆಗಮನ ಕ್ರಮಗಳ ಹೆಸರು ಮಾತ್ರ ಇದ್ದು, ಅವುಗಳೊಳಗಿನ ಬಿಂದುಗಳನ್ನು ಸ್ವೀಕರಿಸುವ ಕಡೆಯ ಡೇಟಾಬೇಸೇ ಬಿಡಿಸಿಕೊಳ್ಳಬೇಕು. ಚಕ್ರಗಳು ಎರಡೂ ಕಡೆ ಒಂದೇ ಆಗಿರಬೇಕೆಂದು ಒತ್ತಿ ಹೇಳಿದ್ದು ಇದಕ್ಕಾಗಿ.

ಹೆಸರನ್ನಷ್ಟೇ ನಂಬಿದರೆ ಆಗುವುದೇನು? ನಮ್ಮ ರಾಜ್ಯದಲ್ಲಿ ಹೊಸಹಳ್ಳಿ ಎಂಬ ಊರುಗಳು ಎಷ್ಟೋ ಇವೆ. ತಾಲ್ಲೂಕನ್ನು ಬರೆಯದೆ ಹೊಸಹಳ್ಳಿ ಎಂದಷ್ಟೇ ವಿಳಾಸ ಬರೆದ ಕಾಗದ ಯಾವ ಊರಿಗೆ ಸೇರೀತು? ಮಾರ್ಗಬಿಂದುಗಳ, ಅದರಲ್ಲೂ ರೇಡಿಯೋ ಕೇಂದ್ರಗಳ ಚಿಕ್ಕ ಹೆಸರುಗಳ ಸ್ಥಿತಿಯೂ ಹೀಗೆಯೇ. 1995ರ ಡಿಸೆಂಬರ್ 20ರ ರಾತ್ರಿ ಅಮೆರಿಕನ್ ಏರ್‌ಲೈನ್ಸ್‌ನ 965ನೆಯ ಹಾರಾಟ ಮಯಾಮಿಯಿಂದ ಕೊಲಂಬಿಯಾದ ಕಾಲಿ ನಗರಕ್ಕೆ ಇಳಿಯುತ್ತಿತ್ತು. ಕಾಲಿಯ ಹತ್ತಿರದ ರೋಸೋ ಎಂಬ ರೇಡಿಯೋ ಕೇಂದ್ರವನ್ನು ಮುದ್ರಿತ ನಕ್ಷೆ ಆರ್ ಎಂಬ ಒಂದೇ ಅಕ್ಷರದಿಂದ ಗುರುತಿಸಿತ್ತು. ಪೈಲಟ್‌ಗಳು ಕಂಪ್ಯೂಟರಿಗೆ ಆರ್ ಎಂದು ಕೊಟ್ಟರು, ಕಂಪ್ಯೂಟರು ತೋರಿಸಿದ ಪಟ್ಟಿಯಲ್ಲಿ ಮೊದಲು ನಿಂತದ್ದನ್ನು ಆರಿಸಿದರು. ಅದು ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ, ಬೊಗೋಟಾದ ಬಳಿ ಇದ್ದ ರೋಮಿಯೋ ಎಂಬ ಬೇರೆಯೇ ಕೇಂದ್ರ. ಆ ಡೇಟಾಬೇಸಿನಲ್ಲಿ ರೋಸೋವನ್ನು ಪಡೆಯಲು ಅದರ ಪೂರ್ತಿ ಹೆಸರನ್ನೇ ಬರೆಯಬೇಕಾಗಿತ್ತು. ಕಣಿವೆಯಲ್ಲಿ ದಕ್ಷಿಣಕ್ಕೆ ಸಾಗುತ್ತಿದ್ದ ವಿಮಾನ ಕತ್ತಲಲ್ಲಿ ಎಡಕ್ಕೆ, ಬೆಟ್ಟಗಳ ಕಡೆಗೆ ತಿರುಗಿತು. ತಪ್ಪು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ವಿಮಾನದಲ್ಲಿದ್ದ 163 ಜನರಲ್ಲಿ ಬದುಕಿದವರು ನಾಲ್ವರು. ನಕ್ಷೆಯನ್ನು ಮಾಡಿದವರೂ ಡೇಟಾಬೇಸನ್ನು ಮಾಡಿದವರೂ ಒಂದೇ ಕೇಂದ್ರಕ್ಕೆ ಎರಡು ಬಗೆಯ ಗುರುತು ಕೊಟ್ಟದ್ದನ್ನು ನೆನೆದಾಗಲೆಲ್ಲ, ಈ ಕೆಲಸದಲ್ಲಿ ಒಂದು ಅಕ್ಷರಕ್ಕಿರುವ ತೂಕ ಮನಸ್ಸನ್ನು ಕಲಕುತ್ತದೆ.

ಇದೇ ಬಗೆಯ ಗೊಂದಲ ಮೊನ್ನೆ ಮೊನ್ನೆಯೂ ಆಗಿದೆ. 2023ರ ಆಗಸ್ಟ್ 28ರಂದು ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ಗೆ ಹೋಗುವ ವಿಮಾನವೊಂದರ ಯೋಜನೆಯಲ್ಲಿ ಡಿ-ವಿ-ಎಲ್ ಎಂಬ ಹೆಸರು ಎರಡು ಸಲ ಬಂದಿತ್ತು. ಒಂದು ಅಮೆರಿಕದ ನಾರ್ತ್ ಡಕೋಟಾದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ಯೋಜನೆ ನಿಯಮಬದ್ಧವಾಗಿಯೇ ಇತ್ತು. ಆದರೆ ಬ್ರಿಟನ್ನಿನ ವಾಯುಸಂಚಾರ ವ್ಯವಸ್ಥೆಯ ತಂತ್ರಾಂಶ ಎರಡು ಬಿಂದುಗಳನ್ನು ಬೇರ್ಪಡಿಸಲಾರದೆ ನಿಂತುಬಿಟ್ಟಿತು, ಅದರ ಬದಲಿ ವ್ಯವಸ್ಥೆಯೂ ಅದೇ ಯೋಜನೆಯನ್ನು ಓದಿ ನಿಂತಿತು. ಪ್ರಾಣಹಾನಿ ಆಗಲಿಲ್ಲ, ತೊಂದರೆಗೆ ಸಿಲುಕಿದ ಪ್ರಯಾಣಿಕರು ಮಾತ್ರ 7 ಲಕ್ಷಕ್ಕೂ ಹೆಚ್ಚು.

ಹಾಗಾದರೆ ಹೆಸರನ್ನು ಬಿಟ್ಟು ನೆಲೆಯನ್ನೇ ನೆಚ್ಚಿದರೆ ಸಾಕೇ ಎಂದರೆ, ಅಂಟಾರ್ಕ್ಟಿಕಾದ ಎರೆಬಸ್ ಪರ್ವತದ ದುರಂತ ಸಾಲದು ಎನ್ನುತ್ತದೆ. ಏರ್ ನ್ಯೂಜಿಲೆಂಡ್ ಸಂಸ್ಥೆಯ ಪ್ರವಾಸಿ ವಿಮಾನಗಳ ಮಾರ್ಗ ನೆಲದ ಕಂಪ್ಯೂಟರಿನಲ್ಲಿತ್ತು. ಅದರ ಕೊನೆಯ ಬಿಂದುವಿನ ರೇಖಾಂಶ 166 ಡಿಗ್ರಿಯ ಬದಲು 164 ಎಂದು ದಾಖಲಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿದಿತ್ತು, ಅದರಿಂದಾಗಿ ದಾರಿ ಮ್ಯಾಕ್‌ಮರ್ಡೋ ಕೊಲ್ಲಿಯ ಸಮತಟ್ಟಾದ ಹಿಮದ ಮೇಲೆ ಹಾಯುತ್ತಿತ್ತು. ಪೈಲಟ್‌ಗಳಿಗೆ ಮೊದಲೇ ವಿವರಿಸಿದ್ದೂ ಆ ದಾರಿಯನ್ನೇ. 1979ರ ನವೆಂಬರ್ 28ರಂದು ವಿಮಾನ ಹೊರಡುವ ಕೆಲವೇ ಗಂಟೆಗಳ ಮೊದಲು ಆ ಅಂಕಿಗಳನ್ನು ತಿದ್ದಲಾಯಿತು. ಬಿಂದು ಸುಮಾರು 27 ನಾಟಿಕಲ್ ಮೈಲಿ ಪೂರ್ವಕ್ಕೆ ಸರಿದು, ದಾರಿ ನೇರವಾಗಿ ಎರೆಬಸ್ಸಿನ ಮೇಲೆ ಬಿತ್ತು. ಹಾರಿಸುವವರಿಗೆ ಯಾರೂ ಹೇಳಲಿಲ್ಲ. ಅವರು ತಮಗೆ ಕೊಟ್ಟ ಅಂಕಿಗಳನ್ನು ವಿಮಾನದ ಕಂಪ್ಯೂಟರಿಗೆ ಸರಿಯಾಗಿಯೇ ತುಂಬಿದರು. ಮಂಜು ಮತ್ತು ಮೋಡಗಳ ಬಿಳುಪಿನಲ್ಲಿ ಎದುರಿನ ಪರ್ವತ ಕಾಣಲಿಲ್ಲ. 257 ಜನ ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಪೀಟರ್ ಮಾಹನ್ ಅವರ ಆಯೋಗ 1981ರಲ್ಲಿ, ಪೈಲಟ್‌ಗಳಿಗೆ ತಿಳಿಸದೆ ಮಾಡಿದ ಈ ಬದಲಾವಣೆಯನ್ನೇ ಮುಖ್ಯ ಕಾರಣವೆಂದು ಎತ್ತಿಹಿಡಿಯಿತು. ತಿದ್ದಿದ ಅಂಕಿ ತನ್ನಷ್ಟಕ್ಕೆ ಸರಿಯಾದದ್ದೇ ಆಗಿತ್ತು ಎಂಬುದು ಇಲ್ಲಿ ಬಹಳ ಮುಖ್ಯ. ಪರಿಶೀಲಿಸಿದ್ದು ಒಂದು ಮಾರ್ಗವಾಗಿತ್ತು, ಹಾರಿದ್ದು ಇನ್ನೊಂದಾಗಿತ್ತು.

ಆದ್ದರಿಂದ ಎಕ್ಸ್‌ಪೋರ್ಟ್ ಮಾಡಿದ ಮೇಲೆ ತಂತ್ರಾಂಶ ಕಡತ ಉಳಿಸಲಾಗಿದೆ ಎಂದು ತೋರಿಸಿದಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸ್ವೀಕರಿಸುವ ಕಡೆ ಅದನ್ನು ತೆರೆದು, ಒಂದು ಬಿಂದುವಿನಿಂದ ಮುಂದಿನದಕ್ಕೆ ಇರುವ ದಿಕ್ಕು ಮತ್ತು ದೂರವನ್ನು ಮೂಲದ ಜೊತೆ ಹೋಲಿಸಬೇಕು. ಹೆಸರುಗಳನ್ನು ಹೋಲಿಸಿದರೆ ಸಾಲದು, ಏಕೆಂದರೆ ತಪ್ಪು ಬಿಂದುವಿಗೂ ಹೆಸರು ಅದೇ ಇರಬಹುದು. ದಿಕ್ಕು ಮತ್ತು ದೂರ ಹಾಗೆ ಹೊಂದಿಕೊಳ್ಳಲಾರವು. ನಮ್ಮ ಮಂಗಳೂರಿನ ಮಾರ್ಗ ಬಹುತೇಕ ಪಶ್ಚಿಮಕ್ಕೇ ಸಾಗುವಂಥದ್ದು. ಅದರ ನಡುವೆ ಒಂದು ತುಂಡು ಉತ್ತರಕ್ಕೆ ಮುಖಮಾಡಿದ್ದರೆ, ಅಥವಾ 165ರ ಆಸುಪಾಸಿನಲ್ಲಿರಬೇಕಾದ ಒಟ್ಟು ದೂರ ಸಾವಿರಗಟ್ಟಲೆ ಮೈಲಿಯಾಗಿದ್ದರೆ, ಯಾವುದೋ ಹೆಸರು ಬೇರೆ ದೇಶದ ಬಿಂದುವನ್ನು ಹಿಡಿದುಕೊಂಡಿದೆ ಎಂದರ್ಥ. ನಕ್ಷೆಯನ್ನು ಪೂರ್ತಿ ಮಾರ್ಗ ಕಾಣುವಷ್ಟು ಕುಗ್ಗಿಸಿ ನೋಡಿದರೂ ಈ ತಪ್ಪು ತಟ್ಟನೆ ಕಣ್ಣಿಗೆ ಬೀಳುತ್ತದೆ. ವಾಯುಮಾರ್ಗದ ಜಾಗದಲ್ಲಿ ನೇರ ಹಾರಾಟವೆಂದು ಬಂದಿದೆಯೇ, ಆರಿಸಿದ ರನ್‌ವೇ ಉಳಿದಿದೆಯೇ ಎಂಬುದನ್ನೂ ನೋಡಬೇಕು. ಮಂಗಳೂರಿನಲ್ಲಿ 06 ಮತ್ತು 24 ಒಂದೇ ರನ್‌ವೇಯ ಎರಡು ತುದಿಗಳು, ಅದೂ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ರನ್‌ವೇ. ತುದಿ ಬದಲಾದರೆ ಇಳಿಯುವ ಕ್ರಮ ಪೂರ್ತಿ ಬದಲಾಗುತ್ತದೆ.

ವ್ಯತ್ಯಾಸ ಕಂಡಾಗ ಸ್ವೀಕರಿಸಿದ ಕಡೆಯಲ್ಲೇ ಒಂದು ಬಿಂದುವನ್ನು ಅಳಿಸಿ ಇನ್ನೊಂದನ್ನು ಸೇರಿಸಿ ಮುಂದುವರಿಯುವ ಆಸೆ ಸಹಜ. ನಾನಂತೂ ಅದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದ ಕೂಡಲೇ ಮೂಲದ ಮಾರ್ಗವೂ ಹಾರುವ ಮಾರ್ಗವೂ ಬೇರೆ ಬೇರೆಯಾಗುತ್ತವೆ, ಇಂಧನದ ಲೆಕ್ಕ ಹಳೆಯ ದಾರಿಯದ್ದೇ ಆಗಿ ಉಳಿಯುತ್ತದೆ. ಮೂಲಕ್ಕೆ ಹಿಂತಿರುಗಿ, ಅಲ್ಲೇ ತಿದ್ದಿ, ಲೆಕ್ಕವನ್ನು ಮತ್ತೆ ಮಾಡಿಸಿ, ಹೊಸದಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಹೊಸ ಕಡತದ ಹೆಸರಿನಲ್ಲಿ ಎರಡೂ ನಿಲ್ದಾಣಗಳ ಸಂಕೇತಗಳ ಜೊತೆಗೆ ತಿದ್ದುಪಡಿಯ ಸಂಖ್ಯೆಯನ್ನೂ ಸೇರಿಸಿ, ಹಳೆಯದನ್ನು ಅಳಿಸಿಹಾಕಿ, ಮಾರ್ಗವನ್ನು ಆಗಲೇ ನೋಡಿ ಒಪ್ಪಿದ್ದವರಿಗೆ ಬದಲಾದದ್ದೇನೆಂದು ಬಾಯಿಬಿಟ್ಟು ಹೇಳಬೇಕು.

ನಮಸ್ಕಾರ.