ಓಲೆಯ ಕಡ್ಡಿ ಕಿತ್ತು ಬರದ ಹಾಗೆ

ನಮಸ್ಕಾರ. ಸಿಲ್ವರ್ ಕ್ಲೇಯಲ್ಲಿ ಓಲೆ ಮಾಡುವವರು ಯಾರಾದರೂ ಕೇಳುತ್ತಿದ್ದರೆ, ಈ ಮಾತು ನಿಮಗೇ. ಓಲೆ ಚೆನ್ನಾಗಿ ಬಂತು, ಸುಟ್ಟಾಯಿತು, ಹಿಂದಿನ ಕಡ್ಡಿ ಮಾತ್ರ ನಿಲ್ಲುತ್ತಿಲ್ಲ, ಅಲ್ವಾ? ನಾನು ಮೊದಲು ಬೆಸೆದ ಜೋಡಿಯಲ್ಲಿ ಒಂದು ಕಡ್ಡಿ ಕಿವಿಗೆ ಹಾಕುವಾಗಲೇ ಕಿತ್ತು ಕೈಗೆ ಬಂತು. ತಿರುಗಿಸಿ ನೋಡಿದರೆ ಆ ಜಾಗದಲ್ಲಿ ಬೆಸುಗೆಯೇ ಇಲ್ಲ. ಬೆಳ್ಳಿ ಅದನ್ನು ಹೀರಿಕೊಂಡಿತ್ತು.

ಈ ಕ್ಲೇ ಅಂದರೆ ಬೆಳ್ಳಿಯ ನುಣ್ಣನೆ ಪುಡಿ, ಅಂಟು, ನೀರು, ಅಷ್ಟೇ. ಸುಟ್ಟಾಗ ಅಂಟು ಉರಿದುಹೋಗಿ ಪುಡಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಆದರೂ ನಡುನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿಯುತ್ತವೆ, ಕರಗಿದ ಬೆಸುಗೆ ಒಣ ಇಟ್ಟಿಗೆ ಮೇಲೆ ಬಿದ್ದ ನೀರಿನ ಹಾಗೆ ಅದರೊಳಗೆ ಇಳಿದುಬಿಡುತ್ತದೆ.

ಅದಕ್ಕೇ ಕಡ್ಡಿ ಕೂರುವ ಜಾಗವನ್ನು ಮೊದಲು ನಯವಾದ ಉಕ್ಕಿನ ಬರ್ನಿಶರ್‌ನಿಂದ, ಅಂದರೆ ಲೋಹ ಉಜ್ಜಿ ನುಣುಪು ಮಾಡುವ ಕಡ್ಡಿಯಂಥ ಸಲಕರಣೆಯಿಂದ, ಒತ್ತಿ ಒತ್ತಿ ಉಜ್ಜಿ. ಹೊಳಪಿಗೋಸ್ಕರ ಸುಮ್ನೆ ಸವರಿದರೆ ಸಾಲದು. ಬಿಳಿ ಮಂಕು ಹೋಗಿ, ಆ ಒಂದು ಚುಕ್ಕೆ ಕನ್ನಡಿಯಂತೆ ಆಗಬೇಕು. ಜಾಗವನ್ನು ನಟ್ಟನಡುವೆ ಆರಿಸಬೇಡಿ, ಸ್ವಲ್ಪ ಮೇಲಿರಲಿ, ಇಲ್ಲದಿದ್ದರೆ ಓಲೆ ಮುಂದಕ್ಕೆ ಬಾಗುತ್ತದೆ. ಸುಡುವಾಗಲೂ ಆತುರ ಬೇಡ. ಕಡಿಮೆ ಶಾಖದಲ್ಲಿ ಬೇಗ ಸುಟ್ಟದ್ದಕ್ಕಿಂತ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಸುಟ್ಟದ್ದು ಹೆಚ್ಚು ಗಟ್ಟಿ.

ಇನ್ನು ಬೆಂಕಿ. ಕಡ್ಡಿಯ ದಪ್ಪ ಹೆಚ್ಚೆಂದರೆ 1 ಮಿಲಿಮೀಟರ್, ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಕಾಯುತ್ತದೆ. ಶಾಖ ಜಾಸ್ತಿ ಇದ್ದ ಕಡೆಗೇ ಬೆಸುಗೆ ಓಡುವುದು, ಹಾಗಾಗಿ ಬೆಂಕಿ ಉಗುಳುವ ಟಾರ್ಚನ್ನು ಕಡ್ಡಿಗೆ ಹಿಡಿದರೆ ಬೆಸುಗೆ ಕಡ್ಡಿಯ ಮೇಲೇರಿ ಕೂರುತ್ತದೆ. ಉಜ್ಜಿದ ಚುಕ್ಕೆಗೆ ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಓಲೆಯನ್ನೇ ಸುತ್ತಲೂ ಕಾಯಿಸಿ. ಚೂರು ಕರಗಿ ಫಳ್ಳನೆ ಮಿಂಚಿದ ಕ್ಷಣ, ಚಿಮಟದಲ್ಲಿ ಹಿಡಿದ ಕಡ್ಡಿಯನ್ನು ನೇರವಾಗಿ ಅದರೊಳಗೆ ಇಳಿಸಿ, ಬೆಂಕಿ ತೆಗೆಯಿರಿ, ಕೈ ಮಾತ್ರ ಅಲ್ಲಾಡಬಾರದು. ನನಗೆ ಈ ಗಳಿಗೆ ಇವತ್ತಿಗೂ ತುಂಬಾ ಇಷ್ಟ.

ಆರಿದ ಮೇಲೆ ಕಡ್ಡಿ ಮೆತ್ತಗಾಗಿರುತ್ತದೆ, ಬೆರಳಿಗೇ ಬಾಗುತ್ತದೆ. ತುದಿಯನ್ನು ಇಕ್ಕಳದಲ್ಲಿ ಹಿಡಿದು ಒಂದೆರಡು ಅರ್ಧ ಸುತ್ತು ತಿರುಚಿ. ಕಡ್ಡಿ ಮತ್ತೆ ಬಿರುಸಾಗುತ್ತದೆ. ಬೆಸುಗೆ ಸರಿಯಾಗಿ ಹಿಡಿದಿಲ್ಲ ಅಂದರೆ ಅದು ಕಿತ್ತು ಬರುವುದೂ ಆಗಲೇ, ನಿಮ್ಮ ಮೇಜಿನ ಮೇಲೆ.