"ಬಿಳಿಯ" ಅಂದರೆ ಯಾರು? ಅಮೆರಿಕದ ಸುಪ್ರೀಂ ಕೋರ್ಟಿನ ಗಲ್ಲಿ ಕ್ರಿಕೆಟ್

ನಮಸ್ಕಾರ. ಹೋದ ವಿಡಿಯೋ ನೋಡಿದವರು ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ದೀರಿ. ಅಮೆರಿಕದಲ್ಲಿ ನಮ್ಮವರ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಆಗಿ ಇರೋ ಅನುಮತಿಯ ಕ್ಯೂ ಯಾಕೆ ಇಷ್ಟು ಉದ್ದ? ಉತ್ತರ ಹುಡುಕ್ತಾ ಹೋದೆ, ದಾರಿಯಲ್ಲಿ ಒಬ್ಬ ಸರ್ದಾರ್ಜಿ ಸಿಕ್ಕಿದರು, ನಾನು ಅಲ್ಲೇ ನಿಂತುಬಿಟ್ಟೆ. ಇವತ್ತು ಅರ್ಧ ವಿಡಿಯೋ ಅವರದ್ದೇ.

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ. 1790ರಲ್ಲಿ ಅಮೆರಿಕ ಪೌರತ್ವದ ಮೊದಲ ಕಾನೂನು ಮಾಡಿತು. ಹೊರಗಿನಿಂದ ಬಂದವರು ಪೌರರಾಗಬೇಕಾದರೆ "ಸ್ವತಂತ್ರ ಬಿಳಿಯ ವ್ಯಕ್ತಿ" ಆಗಿರಬೇಕು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. 1882ರಲ್ಲಿ ಚೀನಾದ ಕೂಲಿಗಳಿಗೆ ಬಾಗಿಲು ಹಾಕಿದರು, 1917ರಲ್ಲಿ ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ. ಆದರೆ ಬಿಳಿಯ ಅಂದರೆ ಯಾರು ಅಂತ ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ತಮಾಷೆ ಶುರುವಾಗೋದೇ ಇಲ್ಲಿಂದ.

[ಪರದೆ ಮೇಲೆ: ಸೇನೆಯ ಸಮವಸ್ತ್ರ, ತಲೆ ಮೇಲೆ ಪೇಟ]

ಈ ಫೋಟೋದಲ್ಲಿರುವವರು ಭಗತ್ ಸಿಂಗ್ ಥಿಂಡ್. ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಬೇರೆಯವರು. ಅಮೃತಸರದ ಕಡೆಯವರು, 1913ರಲ್ಲಿ ಅಮೆರಿಕಕ್ಕೆ ಹೋದರು, ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೇನೆ ಸೇರಿದರು. 1918ರ ಡಿಸೆಂಬರ್‌ನಲ್ಲಿ ಪೌರತ್ವ ಸಿಕ್ಕಿತು. ನಾಲ್ಕೇ ದಿನ! ಐದನೇ ದಿನಕ್ಕೆ ನೀವು ಬಿಳಿಯರಲ್ಲ ಅಂತ ವಾಪಸ್ ತಗೊಂಡರು. ಆಸಾಮಿ ಬಿಡಲಿಲ್ಲ. 1920ರಲ್ಲಿ ಆರೆಗಾನ್ ರಾಜ್ಯದಲ್ಲಿ ಮತ್ತೆ ಗಿಟ್ಟಿಸಿಕೊಂಡರು. ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು.

ಅದೇ ಹೊತ್ತಿಗೆ ಸುಪ್ರೀಂ ಕೋರ್ಟಿನಲ್ಲಿ ಇನ್ನೊಂದು ಕೇಸಿತ್ತು. ತಕಾವೊ ಒಜಾವಾ, ಜಪಾನಿನವರು. ಇಪ್ಪತ್ತು ವರ್ಷದಿಂದ ಅಮೆರಿಕದಲ್ಲೇ ಇದ್ದರು, ಮನೆಯಲ್ಲೂ ಇಂಗ್ಲಿಷೇ. ನನ್ನ ಚರ್ಮ ಬೆಳ್ಳಗಿದೆಯಲ್ಲ ಸ್ವಾಮಿ ಅಂದರು. 1922ರ ನವೆಂಬರ್‌ನಲ್ಲಿ ಕೋರ್ಟು ಹೇಳಿತು: ಬಣ್ಣ ಮುಖ್ಯ ಅಲ್ಲ, ಬಿಳಿಯ ಅಂದರೆ ಕಕೇಶಿಯನ್ ಜನಾಂಗ. ಅಂದರೆ ಆಗಿನ ಪಂಡಿತರು ಯುರೋಪಿನವರನ್ನೆಲ್ಲ ಸೇರಿಸಿದ್ದ ಗುಂಪು.

ಥಿಂಡ್ ಕಡೆಯವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಆಗಿನ ಜನಾಂಗ ಪಂಡಿತರ ಪುಸ್ತಕಗಳ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ನರೇ. ಮೂರು ತಿಂಗಳು ಕಳೀತು, 1923ರ ಫೆಬ್ರವರಿ. ಅದೇ ಕೋರ್ಟು, ತೀರ್ಪು ಬರೆದವರೂ ಅದೇ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಈಗ ಏನಂದರು ಗೊತ್ತಾ? ವಿಜ್ಞಾನ ಗಿಜ್ಞಾನ ಬೇಡ, ಬಿಳಿಯ ಅಂದರೆ ಯಾರು ಅಂತ ಸಾಮಾನ್ಯ ಮನುಷ್ಯನಿಗೆ ಗೊತ್ತಿರುತ್ತೆ, ಥಿಂಡ್ ಬಿಳಿಯ ಅಲ್ಲ.

ಇದನ್ನ ನಾವೆಲ್ಲ ಚಿಕ್ಕವರಿದ್ದಾಗ ನೋಡಿದ್ದೀವಿ. ಬ್ಯಾಟ್ ಯಾರದೋ ರೂಲ್ ಅವನದು. ನೀವು ಜೋರಾಗಿ ಹೊಡೆದರೆ ಪಕ್ಕದ ಮನೆ ಕಾಂಪೌಂಡಿಗೆ ಬಿದ್ದರೆ ಔಟ್ ಅಂತಾನೆ. ಸರಿ, ನೆಲದ ಮೇಲೆ ತಳ್ಳಿದರೆ ಒನ್ ಪಿಚ್ ಕ್ಯಾಚ್ ಔಟ್ ಅಂತಾನೆ. ಅಷ್ಟರಲ್ಲಿ ಅವನ ತಮ್ಮ ಬೌಲ್ಡ್ ಆದರೆ, ಅದು ಟ್ರಯಲ್ ಬಾಲು. ಒಜಾವಾಗೆ ಕಾಂಪೌಂಡ್ ರೂಲು, ಥಿಂಡ್‌ಗೆ ಒನ್ ಪಿಚ್ ರೂಲು. ಅಂದಹಾಗೆ ಈ ಸದರ್ಲೆಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರೂ ವಲಸೆ ಬಂದವರೇ!

ಒಂದು ವಿಷಯ ಮುಚ್ಚಿಡೋಕೆ ನನಗೆ ಇಷ್ಟ ಇಲ್ಲ. ಥಿಂಡ್ ಪರ ವಾದದಲ್ಲಿ ಜಾತಿಯನ್ನೂ ಎಳೆದು ತಂದಿದ್ದರು. ಇವರು ಮೇಲ್ಜಾತಿ, ಆರ್ಯ ರಕ್ತ, ಕೆಳಗಿನವರ ಜೊತೆ ಬೆರೆತಿಲ್ಲ ಅಂತ. ಜಾತಿ ಬೇಡ ಅನ್ನೋ ಧರ್ಮದ ಸಿಖ್ಖರೊಬ್ಬರು, ಕೋರ್ಟಿನ ಕಾಗದದಲ್ಲಿ "ಮೇಲ್ಜಾತಿ ಹಿಂದೂ". ಊರು ಬಿಟ್ಟು ಸಮುದ್ರ ದಾಟಿದರೂ ನಾವು ಗಂಟುಮೂಟೆಯಲ್ಲಿ ಇದನ್ನ ಮಾತ್ರ ಮರೆಯದೆ ಕಟ್ಟಿಕೊಂಡು ಹೋಗ್ತೀವಿ, ಅಲ್ವಾ?

ತೀರ್ಪು ಬಂದ ಮೇಲೆ ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಹೊಂದುವ ಹಾಗಿರಲಿಲ್ಲ, ಅಲ್ಲಿಗೆ ಅದೂ ಕೈಬಿಟ್ಟಿತು. ಮಾಜಿ ಸೈನಿಕರಿಗಾಗಿ 1935ರಲ್ಲಿ ಬಂದ ಕಾನೂನಿನಿಂದ ಥಿಂಡ್ 1936ರಲ್ಲಿ ಮೂರನೇ ಸಲ ಪೌರರಾದರು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ.

ಟೈಮ್ ಆಗ್ತಾ ಇದೆ, ಉಳಿದಿದ್ದನ್ನ ಒಂದೇ ಉಸಿರಿಗೆ ಹೇಳ್ತೀನಿ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಬಂತು, ಆದರೆ ವಲಸೆಗೆ ವರ್ಷಕ್ಕೆ ಬರೀ 100 ಜನ, ಅಂದರೆ ನಮ್ಮಲ್ಲಿ ಎರಡು ಬಸ್ಸು ತುಂಬುವಷ್ಟು. 1952ರಲ್ಲಿ ಪೌರತ್ವಕ್ಕೆ ಜನಾಂಗದ ಷರತ್ತು ಪೂರ್ತಿ ಹೋಯಿತು. 1965ರ ಕಾನೂನು ಹಳೇ ರಾಷ್ಟ್ರವಾರು ಕೋಟಾ ತೆಗೆಯಿತು, ನಮ್ಮ ಡಾಕ್ಟರು, ಎಂಜಿನಿಯರುಗಳು ಹೋಗಿದ್ದು ಈ ಬಾಗಿಲಿನಿಂದ. 1990ರಲ್ಲಿ ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.4 ಲಕ್ಷ ಅಂತ ಮಾಡಿ, ಒಂದೊಂದು ದೇಶಕ್ಕೆ ಸಾಮಾನ್ಯವಾಗಿ 7 ಪರ್ಸೆಂಟ್ ಮಿತಿ ಹಾಕಿದರು. ಐಸ್‌ಲ್ಯಾಂಡಿಗೂ 7, ಇಂಡಿಯಾಗೂ 7. ಕ್ಯೂ ಬೆಳೆಯದೆ ಇನ್ನೇನಾಗುತ್ತೆ?

ಇನ್ನೂ ಒಂದು ಮಜಾ ಇದೆ. ಲೆಕ್ಕಕ್ಕೆ ಬರೋದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ದೇಶ. ಹಾಸನದಲ್ಲಿ ಹುಟ್ಟಿ ಆಮೇಲೆ ಕೆನಡಾ ಪೌರರಾದರೂ ನಿಲ್ಲಬೇಕಾದ್ದು ಇಂಡಿಯಾ ಕ್ಯೂನಲ್ಲೇ. ಆದರೆ ಹೆಂಡತಿಯೋ ಗಂಡನೋ ಬೇರೆ ದೇಶದಲ್ಲಿ ಹುಟ್ಟಿದ್ದರೆ, ಅವರ ದೇಶದ ಕ್ಯೂಗೆ ಸೇರಿಕೊಳ್ಳಬಹುದು. ಹಾಗಾಗಿ ಅಮೆರಿಕದ ಹುಡುಗನಿಗೆ ಜಾತಕ ಹಿಡಿದು ಓಡಾಡ್ತಿರುವ ಅತ್ತೆ, ದೊಡ್ಡಮ್ಮಂದಿರು ನಕ್ಷತ್ರ ಆಮೇಲೆ ನೋಡಿ. ಮೊದಲು ಹುಟ್ಟಿದ ಊರಿನ ಕಾಲಂ ನೋಡಿ.