ದಿನಕ್ಕೊಂದು ಮಿಲಿಮೀಟರ್

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಆಪರೇಷನ್ ಮಾಡುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಡಾಕ್ಟರ್ ಕೆಲಸ ಮುಗಿದ ಮೇಲೆ ಪೇಷಂಟನ್ನು ನಡೆಸುವುದು ನನ್ನ ಕೆಲಸ. ಇವತ್ತಿನ ವಿಷಯ ಕಾಲು ಉದ್ದ ಮಾಡುವ ಆಪರೇಷನ್. ಅದನ್ನು ಆ ಕಡೆಯಿಂದಲೇ ಹೇಳುತ್ತೇನೆ.

ಎರಡು ತಿಂಗಳ ಹಿಂದೆ ಬಾದಾಮಿ ಕಡೆಯ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತಮೂರು ವರ್ಷ, ಗಟ್ಟಿಮುಟ್ಟು ಆಳು. ಕಾಲಿಗೆ ಏನೂ ಆಗಿಲ್ಲ. "ಮೇಡಮ್ಮರ, ನನಗ ಮೂರು ಸೆಂಟಿಮೀಟರ್ ಕಮ್ಮಿ ಬೀಳಾಕತ್ತೈತ್ರಿ. ಕಾಲು ಉದ್ದ ಮಾಡ್ತಾರಂತಲ್ರಿ, ಎಷ್ಟ್ ಖರ್ಚ್ ಆಗ್ತೈತ್ರಿ?" ಅಂದ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದರೆ ಗಂಡುಮಕ್ಕಳಿಗೆ 168 ಸೆಂಟಿಮೀಟರ್ ಬೇಕು. ಅವನು 165. ಮನೆಯಲ್ಲಿ ಎರಡು ಎಕರೆ ಹೊಲ ಇದೆ, ಮಾರಲು ತಯಾರಾಗಿದ್ದ.

ಖರ್ಚು ಲಕ್ಷಗಟ್ಟಲೆ. ಅದನ್ನು ಹೇಳುವುದು ಸುಲಭ. ಆದರೆ ನಾನು ಅವನಿಗೆ ದುಡ್ಡಿನ ಲೆಕ್ಕ ಹೇಳಲಿಲ್ಲ, ದಿನಗಳ ಲೆಕ್ಕ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಈ ವಿದ್ಯೆ ಹುಟ್ಟಿದ್ದು ಎತ್ತರದ ಆಸೆಗಾಗಿ ಅಲ್ಲ. ಸೈಬೀರಿಯಾದ ಕುರ್ಗಾನ್ ಎಂಬ ಊರಲ್ಲಿ ಗವ್ರೀಲ್ ಇಲಿಝಾರೊವ್ ಎಂಬ ಡಾಕ್ಟರ್ ಇದ್ದರು. ಎರಡನೇ ಮಹಾಯುದ್ಧ ಮುಗಿದಿತ್ತು. ಕೂಡದ ಮೂಳೆ, ಕೀವು ತುಂಬಿದ ಕಾಲು ಇಟ್ಟುಕೊಂಡು ಬರುವ ಸೈನಿಕರಿಗೆ ಲೆಕ್ಕವಿರಲಿಲ್ಲ. 1950ರ ದಶಕದಲ್ಲಿ ಅವರು ಕಾಲಿನ ಸುತ್ತ ಲೋಹದ ಬಳೆಗಳನ್ನು ಕೂರಿಸಿ, ಮೂಳೆಯ ಮೂಲಕ ತೆಳು ತಂತಿ ಹಾಯಿಸಿ ಬಿಗಿದರು. ಮೊದಮೊದಲು ಸೈಕಲ್ ಗಾಲಿಯ ಕಡ್ಡಿಯನ್ನೇ ಬಳಸಿದರು ಎಂದು ಹೇಳುತ್ತಾರೆ. ಮೂಳೆಯನ್ನು ಒತ್ತಿ ಕೂಡಿಸಬೇಕಾದ ನಟ್ಟನ್ನು ಒಬ್ಬ ಪೇಷಂಟ್ ಉಲ್ಟಾ ತಿರುಗಿಸಿಬಿಟ್ಟನಂತೆ. ಮೂಳೆ ದೂರ ಸರಿಯಿತು. ನೋಡಿದರೆ, ಆ ಸಂದಿಯಲ್ಲಿ ಹೊಸ ಮೂಳೆ ಹುಟ್ಟುತ್ತಿತ್ತು!

ವ್ಯಾಲೆರಿ ಬ್ರೂಮೆಲ್ ಎಂಬ ರಷ್ಯಾದ ಹೈಜಂಪ್ ಆಟಗಾರ 1964ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಮರುವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಚ್ಚಾಯಿತು. ಎಷ್ಟು ಆಪರೇಷನ್ ಮಾಡಿದರೂ ಕೂಡಲಿಲ್ಲ. ಕೊನೆಗೆ 1968ರಲ್ಲಿ ಇಲಿಝಾರೊವ್ ಹತ್ತಿರ ಹೋದರು. ಕಾಲು ಕೂಡಿತು. ಮತ್ತೆ ಜಿಗಿಯಲು ಇಳಿದರು.

ನಮ್ಮ ಕಡೆ ಇದಕ್ಕೆ "ರಿಂಗ್ ಹಾಕೋದು" ಅಂತಾರೆ. ಕಬ್ಬಿನ ಸೀಜನ್ ಬಂದರೆ ಸಾಕು, ಮುಧೋಳ, ಜಮಖಂಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗೆ ಬೈಕ್ ಗುದ್ದಿಕೊಂಡು ಬಂದವರನ್ನು ನೋಡುತ್ತೇನೆ. ಮೂಳೆಯ ತುಂಡೇ ಹೋಗಿರುತ್ತದೆ. ಅವರಿಗೆ ರಿಂಗ್ ದೇವರಿದ್ದ ಹಾಗೆ. ಪೋಲಿಯೊದಿಂದ ಒಂದು ಕಾಲು ಗಿಡ್ಡಾದವರಿಗೂ ಅಷ್ಟೇ. ಈ ವಿದ್ಯೆಯ ಮೇಲೆ ನನಗೆ ತುಂಬಾ ಗೌರವ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡಿ. ಮೂಳೆಯನ್ನು ಹುಷಾರಾಗಿ ಕತ್ತರಿಸುತ್ತಾರೆ. ಮೇಲಿನ ಪೊರೆ, ರಕ್ತದ ಹರಿವು ಉಳಿಯಬೇಕು. ಐದರಿಂದ ಏಳು ದಿನ ಸುಮ್ನೆ ಬಿಡುತ್ತಾರೆ. ಆಮೇಲೆ ಎಳೆಯುವುದು ಶುರು. ದಿನಕ್ಕೆ ಒಂದು ಮಿಲಿಮೀಟರ್, ಅದೂ ಒಂದೇ ಸಲಕ್ಕಲ್ಲ. ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಪಾನಾ ಹಿಡಿದು ಪೇಷಂಟೇ ನಟ್ಟು ತಿರುಗಿಸಬೇಕು. ಜಾಸ್ತಿ ಎಳೆದರೆ ಮೂಳೆ ಹುಟ್ಟುವುದಿಲ್ಲ. ಕಮ್ಮಿ ಎಳೆದರೆ ಬೇಗನೆ ಕೂಡಿ ಬಿಗಿದುಬಿಡುತ್ತದೆ. ಇಳಕಲ್ಲಿನವರು ಇಲ್ಲಿದ್ದರೆ ನಿಮಗೆ ಇದು ಬೇಗ ತಿಳಿಯುತ್ತದೆ. ಮಗ್ಗದ ಹಾಸಿನ ಹಾಗೆ ಹೊಸ ಮೂಳೆಯ ಎಳೆಗಳು ಎಳೆದ ದಿಕ್ಕಿಗೇ ಸಾಲಾಗಿ ನಿಲ್ಲುತ್ತವೆ. ಎಕ್ಸ್-ರೇಯಲ್ಲಿ ಅದನ್ನು ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಆ ಫಿಲ್ಮ್ ಕೆಳಗಿಡಲಿಲ್ಲ.

ಮೂಳೆ ಹೇಳಿದ ಮಾತು ಕೇಳುತ್ತದೆ. ಕೇಳದೆ ಇರುವುದು ಸ್ನಾಯು. ನನ್ನ ಕೆಲಸವೆಲ್ಲ ಅಲ್ಲೇ ಇರುವುದು.

ಕೆಳಗಾಲು ಎಳೆದಾಗ ಮೀನಖಂಡ ಬಿಗಿಯಾಗುತ್ತದೆ. ಹಿಮ್ಮಡಿ ಮೇಲೇಳುತ್ತದೆ, ನೆಲಕ್ಕೆ ಹತ್ತುವುದಿಲ್ಲ. ತೊಡೆಯ ಮೂಳೆ ಎಳೆದರೆ ಮೊಣಕಾಲು ಮಡಚುವುದಿಲ್ಲ. ನರ ಎಳೆದುಕೊಂಡರೆ ಪಾದ ಜುಮ್ಮೆನ್ನುತ್ತದೆ, ಕೆಲವರಿಗೆ ಪಾದ ಎತ್ತಲೂ ಆಗುವುದಿಲ್ಲ. ತಂತಿ ಹೊಕ್ಕ ಜಾಗದಲ್ಲಿ ಕೀವಾಗುತ್ತದೆ. ಇದು ಅಪರೂಪವಲ್ಲ, ಬಹಳ ಜನರಿಗೆ ಆಗುತ್ತದೆ. ದಿನಕ್ಕೆ ತಾಸುಗಟ್ಟಲೆ ಸ್ಟ್ರೆಚಿಂಗ್ ಮಾಡಿಸಬೇಕು. ಗಟ್ಟಿ ಗಂಡಸರು ನನ್ನ ಮುಂದೆ ಹಲ್ಲು ಕಚ್ಚಿ ಅತ್ತಿದ್ದಾರೆ.

ಇನ್ನೊಂದು ಮಾತು. ವಿದೇಶದ ವಿಡಿಯೋಗಳಲ್ಲಿ ಪೇಷಂಟ್ ಕುರ್ಚಿಯಿಂದ ಎದ್ದು ನಡೆದರೆ ಗೆದ್ದ ಹಾಗೆ. ನಮಗೆ ಅಷ್ಟು ಸಾಕೇ? ನಾವು ಊಟಕ್ಕೆ ನೆಲದ ಮೇಲೆ ಕೂರುವವರು. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು. ಮಡಚಿ ಕೂರಲು ಬಾರದ ಕಾಲು ನಮ್ಮ ಹೊಲದಲ್ಲಿ, ನಮ್ಮ ಪಾಯಖಾನೆಯಲ್ಲಿ ದಿನಾ ಕಾಡುತ್ತದೆ.

ಈಗ ಮೂಳೆಯ ಒಳಗೇ ರಾಡ್ ಹಾಕಿ, ಹೊರಗಿನಿಂದ ಮ್ಯಾಗ್ನೆಟ್ ಯಂತ್ರ ಹಿಡಿದು ಉದ್ದ ಮಾಡುವುದೂ ಬಂದಿದೆ. ತಂತಿಯ ಗಾಯ ಇರುವುದಿಲ್ಲ, ಒಳ್ಳೆಯದೇ. ಆದರೆ ರೇಟು ಇನ್ನೂ ಜಾಸ್ತಿ. ಸ್ನಾಯುವಿನ ಹಟ ಮಾತ್ರ ಹಾಗೇ ಇರುತ್ತದೆ.

ಆ ಹುಡುಗನಿಗೆ ಹಾಕಿಕೊಟ್ಟ ಲೆಕ್ಕ ಇದು. ಮೂರು ಸೆಂಟಿಮೀಟರ್ ಅಂದರೆ 30 ದಿನ ಎಳೆತ. ಒಂದು ಕಾಲಿಗೆ 120 ಸಲ, ಎರಡಕ್ಕೂ ಸೇರಿ 240 ಸಲ ತಿರುಗಿಸಬೇಕು. ಆಮೇಲೆ ಆ ಮೆತ್ತನೆ ಮೂಳೆ ಗಟ್ಟಿಯಾಗಲು ಎಳೆದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ದಿನ. ಓಡಲು ಒಂದು ವರ್ಷ ಬೇಕಾದೀತು. ಗುಟ್ಕಾ, ಬೀಡಿ ಇದ್ದರೆ ಮೂಳೆ ಕೂಡುವುದು ಇನ್ನೂ ತಡ. ಪೊಲೀಸ್ ಭರ್ತಿಯಲ್ಲಿ ಬರೀ ಎತ್ತರ ಅಳೆದು ಕಳಿಸುವುದಿಲ್ಲವಲ್ಲ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಮೆಡಿಕಲ್ ಬೇರೆ ಇದೆ. "ಈಗ ಎಷ್ಟರಲ್ಲಿ ಓಡ್ತಿ?" ಎಂದು ಕೇಳಿದೆ. "ಐದೂವರಿ ನಿಮಿಷ ರೀ" ಅಂದ. ಆ ಓಟ ವಾಪಸ್ ಬರುತ್ತದೆಂದು ಬರೆದುಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ಇಲ್ಲಿ ಇನ್ನೂ ಚಿಕ್ಕವರಿದ್ದೀರಿ, ಆದ್ದರಿಂದ ಒಂದು ಮಾತು. ಮೂಳೆಯ ತುದಿಯಲ್ಲಿ ಬೆಳೆಯುವ ಎಳೆ ಪದರ ಇರುತ್ತದೆ. ಹೆಣ್ಣುಮಕ್ಕಳಿಗೆ ಹದಿನಾಲ್ಕು ಹದಿನೈದು, ಗಂಡುಮಕ್ಕಳಿಗೆ ಹದಿನಾರರಿಂದ ಹದಿನೆಂಟರ ಸುಮಾರಿಗೆ ಅದು ಮುಚ್ಚಿಹೋಗುತ್ತದೆ. ಆಮೇಲೆ ಯಾವ ಪುಡಿ ಕುಡಿದರೂ, ಯಾವ ಕಂಬಕ್ಕೆ ಜೋತುಬಿದ್ದರೂ ಉದ್ದವಾಗುವುದಿಲ್ಲ. ದುಡ್ಡು ಹಾಳು ಮಾಡಬೇಡಿ.

ಹೆತ್ತವರೂ ಬಂದಿದ್ದೀರಿ. ಕನ್ಯಾ ನೋಡಲು ಹೋದಾಗ "ಹುಡುಗ ಗಿಡ್ಡ ಅದಾನ" ಎಂದು ಅವನ ಮುಂದೆಯೇ ಅಂದುಬಿಡುತ್ತೇವೆ, ಅಲ್ವಾ? ಬಾದಾಮಿಯ ಹುಡುಗನಿಗೂ ಎರಡು ಕಡೆ ಹಾಗೆ ಅಂದಿದ್ದರು. ನೌಕರಿ ಮಾತು ಮುಗಿದ ಮೇಲೆ, ಹೊರಡುವಾಗ, ಬಾಗಿಲಲ್ಲಿ ನಿಂತು ಮೆಲ್ಲಗೆ ಅದನ್ನು ಹೇಳಿದ. ನನಗೆ ಬಹಳ ಸಂಕಟವಾಯಿತು.

ಬೇಡ ಎಂದು ನಾನು ಹೇಳಲಿಲ್ಲ. ಅವನ ಕಾಲು, ಅವನ ಜೀವನ. ಒಂದು ದಿನ ಬಂದು ಕೂತು ನೋಡು ಎಂದೆ. ಬಂದ. ಲೋಕಾಪುರದ ಒಬ್ಬ ಡ್ರೈವರಣ್ಣ ಅವತ್ತು ರಿಂಗ್ ಕಾಲು ಚಾಚಿ ಸ್ಟ್ರೆಚಿಂಗ್ ಮಾಡಿಸಿಕೊಳ್ಳುತ್ತಿದ್ದ. ಅಪಘಾತದಲ್ಲಿ ನಾಲ್ಕು ಸೆಂಟಿಮೀಟರ್ ಮೂಳೆ ಕಳೆದುಕೊಂಡವನು. ಹುಡುಗ ಒಂದು ತಾಸು ಮಾತಾಡಲಿಲ್ಲ. ಆಮೇಲೆ ಕೇಳಿದ, "ಅಣ್ಣಾ, ರಾತ್ರಿ ನಿದ್ದಿ ಬರ್ತೈತೇನ್ರಿ?"

"ಬೆಳಗಿನ ಜಾವ ಒಂದೀಟು ಬರ್ತೈತಿ ತಮ್ಮಾ," ಅಂದ ಡ್ರೈವರಣ್ಣ. "ನಿನಗೇನಾಗೇತಿ?"

ಹುಡುಗ ಉತ್ತರ ಕೊಡಲಿಲ್ಲ. ಡ್ರೈವರಣ್ಣನ ವಾಕರ್ ತಂದು ಹತ್ತಿರ ಇಟ್ಟ.

ನಿಮ್ಮಲ್ಲಿ ಯಾರಿಗಾದರೂ ಹಾಗೆ ಬಂದು ಕೂರಬೇಕು ಅನ್ನಿಸಿದರೆ ಬನ್ನಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಅಲ್ಲೇ ಇರುತ್ತೇನೆ. ಈಗ ಪ್ರಶ್ನೆ ಇದ್ದರೆ ಕೇಳಿ.